ಬಿಂದುಮಾಧವರ ಮಡಿ ಕಂಪ್ಯೂಟರು

ವಿದ್ಯಾರಣ್ಯಪುರಂನಲ್ಲಿ ಬಿಂದುಮಾಧವರ ಮನೆಯ ಅಟ್ಟದ ಮೇಲೆ, ಹಿತ್ತಾಳೆ ಕೊಪ್ಪರಿಗೆಗೂ ದಸರಾ ಗೊಂಬೆಗಳ ಪೆಟ್ಟಿಗೆಗೂ ನಡುವೆ, ಹಳೆಯ ಒಂಬತ್ತು ಗಜದ ಸೀರೆ ಸುತ್ತಿಕೊಂಡು ಏಳು ವರ್ಷದಿಂದ ಒಂದು ಆಕಾರ ಕೂತಿತ್ತು. ಅರೆಬೆಳಕಿನಲ್ಲಿ ಕಂಡವರಿಗೆ ಮನೆಯ ಹಿರಿಯರೊಬ್ಬರು ಮುನಿಸಿಕೊಂಡು ಅಟ್ಟ ಹತ್ತಿದ್ದಾರೆ ಅನ್ನಿಸಬೇಕು. ಒಂದು ಲೆಕ್ಕಕ್ಕೆ ಅದು ನಿಜವೇ. ಸೀರೆಯೊಳಗಿದ್ದದ್ದು ಕಂಪ್ಯೂಟರು; ಅದು ಅಟ್ಟ ಹತ್ತಿದ್ದು ಮುನಿಸಿನಿಂದಲೇ. ಮುನಿಸು ಮಾತ್ರ ಬಿಂದುಮಾಧವರದು.

ಎರಡು ಸಾವಿರದ ಏಳನೆಯ ಇಸವಿಯ ಫೆಬ್ರವರಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ, ಅವರ ಹೆಂಡತಿ ಅಂಬುಜಾ ಹುರುಳಿಕಾಯಿಯ ನಾರು ತೆಗೆಯುತ್ತಲೇ ತೀರ್ಪು ಕೊಟ್ಟರು.

"ಅದನ್ನ ಕೆಳಗಿಳಿಸಿ. ಅದು ಏನು ಹೇಳತ್ತೋ ಅದೇ ಕೊನೆ."

ಕಟಕಟೆಯಲ್ಲಿದ್ದದ್ದು ಮಗಳು ಅಪೂರ್ವಳ ಮದುವೆ. ಇಪ್ಪತ್ತೇಳು ವರ್ಷದ ಅಪೂರ್ವ ರಾಜೀವನಗರದ ಒಂದು ಶಾಲೆಯಲ್ಲಿ ವಿಜ್ಞಾನದ ಟೀಚರು. ಆ ಶಾಲೆಯ ಕಂಪ್ಯೂಟರುಗಳು ತಿಂಗಳಿಗೊಮ್ಮೆ ಕೆಡುತ್ತಿದ್ದವು. ರಿಪೇರಿಗೆ ವಾಗೀಶ ಎಂಬ ಹುಡುಗ ಬರತೊಡಗಿದ ಮೇಲೆ ವಾರಕ್ಕೊಮ್ಮೆ ಕೆಡತೊಡಗಿದವು. ಎರಡು ವರ್ಷ ಹೀಗೆ ಕೆಟ್ಟೂ ಕೆಟ್ಟೂ ಕೊನೆಗೆ ಕೂಡಿಬಂದ ಸಂಬಂಧ. ಹುಡುಗ ಒಳ್ಳೆಯವನು, ಸ್ವಂತ ಅಂಗಡಿ ಇದೆ, ಮನೆತನವೂ ಗೊತ್ತಿದ್ದದ್ದೇ. ಅಂಬುಜಾ ಅವರಿಗೂ ಅವನ ಮೇಲೆ ಯಾವ ತಕರಾರೂ ಇರಲಿಲ್ಲ. ತಕರಾರಿದ್ದದ್ದು ಜಾತಕಕ್ಕೆ. ಸಾಲಾವಳಿಯಲ್ಲಿ ಮೂವತ್ತಾರಕ್ಕೆ ಹದಿನೆಂಟು ಗುಣವಾದರೂ ಬಂದರೆ ಪಾಸು. ಇವರಿಗೆ ಬಂದದ್ದು ಹದಿಮೂರು.

"ಮೂರು ಕಡೆ ತೋರಿಸಿದ್ದಾಯ್ತಲ್ಲಮ್ಮ," ಎಂದಳು ಅಪೂರ್ವ. "ಮೂರು ಕಡೆಯೂ ಅದೇ ಬಂತು. ಈಗ ಆ ಮುದಿ ಡಬ್ಬಾನೂ ಅದನ್ನೇ ಹೇಳಿದ್ರೆ?"

"ಹೇಳಿದ್ರೆ ಬೇಡ. ಹದಿನೆಂಟು ಅಂದ್ರೆ ನಾಳೆನೇ ತಾಂಬೂಲ. ಆ ಮೂರೂ ಕಂಡೋರ ಮಿಷನ್ನು ಕಣೇ. ಇದು ನಮ್ಮನೇದು. ಇದು ಸುಳ್ಳು ಹೇಳೊಲ್ಲ."

ಹಾಗೆಂದು ಅವರು ದೇವರ ಕೋಣೆಯ ಕಡೆ ನೋಡಿದರು. ಅಲ್ಲಿ ಕಟ್ಟುಹಾಕಿಸಿದ ಒಂದು ಹಾಳೆ ದೇವರ ಪಟಗಳ ಸಾಲಿನಲ್ಲೇ ನೇತಾಡುತ್ತಿತ್ತು. ಬಿಂದುಮಾಧವರು ಮಾತ್ರ ಆ ಕಡೆ ನೋಡಲಿಲ್ಲ. ಆ ಹಾಳೆಯನ್ನು ನೋಡದೆ ಪೂಜೆ ಮಾಡುವ ವಿದ್ಯೆಯನ್ನು ಅವರು ಹದಿನಾಲ್ಕು ವರ್ಷದಿಂದ ಸಾಧಿಸಿದ್ದರು.

ಬಿಂದುಮಾಧವರ ಅಜ್ಜ ಅರಮನೆಯ ಜೋಯಿಸರ ಕಚೇರಿಯಲ್ಲಿ ಗುಮಾಸ್ತರು. ತಂದೆ ಪಂಚಾಂಗ ಗುಣಿಸಬಲ್ಲವರು. ಇವರ ಹೊತ್ತಿಗೆ ಆ ಗುಣ ಮುಗಿದು ಗುಣಾಕಾರವೂ ತಪ್ಪತೊಡಗಿತ್ತು. ಹಾಗಾಗಿ ಕಡಕೊಳದ ಒಂದು ಕಾರ್ಖಾನೆಯಲ್ಲಿ ಟೈಮ್ ಕೀಪರ್ ಆದರು. ಗೇಟಿನ ಪಕ್ಕದ ಗೂಡಿನಲ್ಲಿ ಕೂತು, ಕೆಲಸಗಾರರು ಬಂದ ಹೊತ್ತನ್ನು ಕಾರ್ಡಿನಲ್ಲಿ ಬರೆಯುವ ಕೆಲಸ. ನಂಜನಗೂಡಿನ ಬಸ್ಸು ತಡವಾದ ದಿನ ಎಂಟೂ ಹತ್ತಕ್ಕೆ ಓಡೋಡಿ ಬಂದವನ ಕಾರ್ಡಿನಲ್ಲಿ ಎಂಟೂ ಎರಡು ಎಂದು ಬೀಳುತ್ತಿತ್ತು. "ಗಡಿಯಾರಕ್ಕೇನು ಗೊತ್ತು, ಅದು ಬಸ್ಸಲ್ಲಿ ಬರತ್ತಾ?" ಎಂಬುದು ಅವರ ವಾದ.

ತೊಂಬತ್ತೊಂದರಲ್ಲಿ ಕಾರ್ಖಾನೆ ಮುಚ್ಚಿತು. ಕೈಗೆ ಬಂದದ್ದರಲ್ಲಿ ಬಿಂದುಮಾಧವರು ಕಂಪ್ಯೂಟರು ಕೊಂಡು ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಜಾತಕದ ಬೋರ್ಡು ಹಾಕಿದರು. ಅಪ್ಪ ಬೆರಳಲ್ಲಿ ಎಣಿಸುತ್ತಿದ್ದುದನ್ನು ಮಗ ಬೆರಳಲ್ಲಿ ಒತ್ತಿದರೆ ಸಾಕಾಗಿತ್ತು. ಚುಕ್ಕೆ ಚುಕ್ಕೆ ಸೇರಿಸಿ ಅಕ್ಷರ ಮೂಡಿಸುವ ಆ ಪ್ರಿಂಟರಿಗೆ ಬಿಂದುಮಾಧವರಿಗಿಂತ ಒಪ್ಪುವ ಯಜಮಾನ ಇನ್ನೆಲ್ಲಿ ಸಿಗಬೇಕು! ಪಂಚಾಂಗ ಹೊಟ್ಟೆಯಲ್ಲಿಟ್ಟುಕೊಂಡ ಯಂತ್ರ ಎಂಬ ಕಾರಣಕ್ಕೆ ಅಂಬುಜಾ ಅದನ್ನು ಮಡಿಗೆ ಸೇರಿಸಿದರು. ಸ್ನಾನ ಮಾಡಿ ಮಡಿಪಂಚೆ ಉಟ್ಟ ಯಜಮಾನರ ಹೊರತು ಯಾರೂ ಮುಟ್ಟುವಂತಿಲ್ಲ. ಆಯುಧಪೂಜೆಯ ದಿನ ಅದಕ್ಕೆ ಅಕ್ಷತೆ, ಸೇವಂತಿಗೆ, ಮಂಗಳಾರತಿ.

ಜಾತಕದಲ್ಲೂ ಟೈಮ್ ಕೀಪರ್ ಬುದ್ಧಿ ಬಿಡಲಿಲ್ಲ. ಯಂತ್ರ "ಅಲ್ಪಾಯು" ಎಂದು ಕಕ್ಕಿದರೆ ಇವರು ಅಚ್ಚಾಗುವ ಮುನ್ನವೇ ಪರದೆಯ ಮೇಲೆ ಹಾಳೆಯನ್ನು ತೆರೆದು "ಆರೋಗ್ಯದ ಕಡೆ ಗಮನವಿರಲಿ" ಎಂದು ತಿದ್ದುವರು. "ಕೋಪಿಷ್ಠೆ" ಎಂದಿದ್ದರೆ "ನೇರ ನುಡಿ" ಎಂದಾಗುವುದು. ಬಂದವರು ಹಗುರವಾಗಿ ಮೆಟ್ಟಿಲಿಳಿದು ಹೋಗುವರು.

ಒಂದೇ ಒಂದು ಸಲ ಅವರು ಅಕ್ಷರ ಬಿಟ್ಟು ಅಂಕಿಗೆ ಕೈಹಾಕಿದ್ದರು.

ಅವರ ಮದುವೆಯಾದದ್ದು ಎಪ್ಪತ್ತೈದರಲ್ಲಿ. ಅಂಬುಜಾ ಹುಟ್ಟಿದ ಗಳಿಗೆ ಯಾರೂ ಸರಿಯಾಗಿ ಬರೆದಿಡದೆ, ಅಂದಾಜಿನ ಮೇಲೆ ಕೂಡಿಸಿದ ಜಾತಕ. ಬಿಂದುಮಾಧವರ ತಾಯಿಗೆ ಆ ಅನುಮಾನ ಕೊನೆಗೂ ಹೋಗಲಿಲ್ಲ. ಹಾಲು ಉಕ್ಕಿದರೆ ಜಾತಕ, ಮಾವನಿಗೆ ಜ್ವರ ಬಂದರೆ ಜಾತಕ, ಕಾರ್ಖಾನೆ ಮುಚ್ಚಿದಾಗಲಂತೂ ಕೇಳುವುದೇ ಬೇಡ. "ಕೂಡಿಬರದ್ದನ್ನ ಕೂಡಿಸಿದ್ವಿ, ಅನುಭವಿಸಬೇಕು" ಎಂಬುದನ್ನು ಅವರು ಜಪಸರದ ಒಂದು ಮಣಿಯನ್ನಾಗಿ ಮಾಡಿಕೊಂಡಿದ್ದರು. ತೊಂಬತ್ತಮೂರರಲ್ಲಿ, ಅಂಬುಜಾ ಅವರ ತವರಿನ ಹಳೆಯ ಟ್ರಂಕಿನಲ್ಲಿ ಅವರು ಹುಟ್ಟಿದ ಗಳಿಗೆಯನ್ನು ಬರೆದಿಟ್ಟ ಚೀಟಿ ಸಿಕ್ಕಿತು. ಅಂಬುಜಾ ಅದನ್ನು ಎರಡು ಕೈಯಲ್ಲೂ ಹಿಡಿದು ತಂದು, "ಈಗ ನೋಡಿ ಹೇಳಿ" ಎಂದರು. ಅತ್ತೆ ಬಾಗಿಲಲ್ಲೇ ನಿಂತಿದ್ದರು.

ಯಂತ್ರ ಹೇಳಿದ್ದು ಹನ್ನೊಂದು.

ಬಿಂದುಮಾಧವರು ಕೆಮ್ಮಿದರು, ಹಾಳೆಯನ್ನು ತೆರೆದರು, ಮೊದಲ ಒಂದನ್ನು ಅಳಿಸಿ ಅಲ್ಲಿ ಮೂರನ್ನು ಕೂರಿಸಿದರು. ಮಿಕ್ಕ ಇಪ್ಪತ್ತನ್ನು ಕೆಳಗಿನ ಎಂಟು ಕೂಟಗಳ ಸಾಲಿಗೂ ಧಾರಾಳವಾಗಿ ಹಂಚಿದರು. ಮೂವತ್ತೊಂದು! ಅತ್ತೆ ಭೂತಗನ್ನಡಿಯಲ್ಲಿ ಎರಡು ಸಲ ಓದಿ, "ಮಿಷನ್ನೇ ಹೇಳಿದ ಮೇಲೆ ಇನ್ನೇನು" ಎಂದು ಒಳಗೆ ಹೋದರು. ಸಾಯುವತನಕ ಮತ್ತೆ ಆ ಮಾತೆತ್ತಲಿಲ್ಲ. ಅಂಬುಜಾ ಅವತ್ತು ಹೆಸರುಬೇಳೆ ಪಾಯಸ ಮಾಡಿ, ಮರುದಿನ ಹಾಳೆಗೆ ಕಟ್ಟು ಹಾಕಿಸಿದರು.

ಅಂಗಡಿ ನಿಂತದ್ದು ಎರಡು ಸಾವಿರದ ಜನವರಿಯಲ್ಲಿ. ಆ ಪ್ರೋಗ್ರಾಮಿಗೆ ಇಸವಿಯ ಕೊನೆಯ ಎರಡಂಕಿ ಮಾತ್ರ ಗೊತ್ತು. ಹೊಸ ಶತಮಾನದ ಮೊದಲ ಗಿರಾಕಿ, ಹನ್ನೆರಡು ದಿನದ ಹೆಣ್ಣುಕೂಸು, ಸಾವಿರದ ಒಂಬೈನೂರರಲ್ಲಿ ಹುಟ್ಟಿದ ಹಾಗಾಗಿ, ಅದಕ್ಕೆ ಮದುವೆ, ಮಕ್ಕಳು, ಕಾಶಿಯಾತ್ರೆ ಎಲ್ಲ ಮುಗಿದು, ಆಯುಷ್ಯವೂ ತೀರಿತ್ತು. ಬಿಂದುಮಾಧವರು ತಿದ್ದುವ ಮೊದಲೇ ಕೂಸಿನ ಅಜ್ಜಿ ಪರದೆಗೆ ಬಗ್ಗಿ ಓದಿ, ಕೂಸನ್ನು ಅಪ್ಪಿಕೊಂಡು ಅತ್ತುಬಿಟ್ಟಳು. ಅವತ್ತು ಸಂಜೆಯೇ ಅವರು ಬೋರ್ಡು ಇಳಿಸಿ ಯಂತ್ರವನ್ನು ಅಟ್ಟಕ್ಕೇರಿಸಿದರು. ಅಂಬುಜಾ ಮಾತ್ರ ಯಂತ್ರದ ಮೇಲೆ ಮುನಿಯಲಿಲ್ಲ. ಪ್ರತಿ ವರ್ಷ ಗೊಂಬೆ ಇಳಿಸುವಾಗ ಅದರ ಸೀರೆ ಸರಿಮಾಡಿ, ಆಯುಧಪೂಜೆಯ ದಿನ ಏಣಿ ಹತ್ತಿ ಅಲ್ಲೇ ಆರತಿ ಎತ್ತುತ್ತಿದ್ದರು.

ಎದುರು ಮನೆಯ ಪುಟ್ಟಣ್ಣ ಬಂದು ಪ್ರಿಂಟರನ್ನೂ ಸೀರೆಯ ಗಂಟನ್ನೂ ಇಳಿಸಿಕೊಟ್ಟ. "ಏನ್ ಬುದ್ಧಿ, ಒಳಗೆ ಯಾರವ್ರೆ? ಒಳ್ಳೆ ಮದುವಣಗಿತ್ತಿ ಎತ್ಕೊಂಡು ಬಂದಂಗಾಯ್ತು," ಎಂದು ಬೆವರೊರೆಸಿಕೊಂಡು ಹೋದ.

ಅಪೂರ್ವ ಫೋನು ಮಾಡಿ ವಾಗೀಶನನ್ನು ಕರೆಸಿದಳು. ಅವನು ಬ್ಯಾಗು ಹಿಡಿದು ಬಾಗಿಲಿಗೆ ಬಂದದ್ದೇ ಅಂಬುಜಾ ಅಡ್ಡ ಕೈ ಚಾಚಿದರು.

"ಅಲ್ಲೇ ನಿಂತ್ಕೊಳಪ್ಪ. ನಿನ್ನ ಕೇಸಿಗೆ ನೀನೇ ಜಡ್ಜಾಗೋ ಹಾಗಿಲ್ಲ. ಬಾಯಲ್ಲಿ ಹೇಳು, ಕೈ ಹಚ್ಚಬೇಡ. ಮುಟ್ಟೋದು ಇವರೊಬ್ಬರೇ, ಮಡಿಯಲ್ಲಿ."

ವಾಗೀಶ ಹೊಸಿಲಿನ ಆಚೆ, ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಅಂಬುಜಾ ಮಣೆ ಹಾಕಿಕೊಂಡು ನಡುವೆ ಕೂತರು. ಬಿಂದುಮಾಧವರು ಒದ್ದೆ ತಲೆಯಲ್ಲಿ, ಮಡಿಪಂಚೆಯಲ್ಲಿ, ಸ್ಕ್ರೂಡ್ರೈವರನ್ನು ಉದ್ಧರಣೆಯಂತೆ ಹಿಡಿದು ಮುಚ್ಚಳ ಬಿಚ್ಚಿದರು.

ಒಳಗೆ ಒಂದು ಛತ್ರದ ನೆಲವೇ ಇತ್ತು. ಏಳು ವರ್ಷದ ಅಕ್ಷತೆ ಸಂದುಗಳಲ್ಲೆಲ್ಲ ಇಳಿದು ಕೂತಿತ್ತು. ಫ್ಯಾನಿನ ರೆಕ್ಕೆಗೆ ಸೇವಂತಿಗೆಯ ನಾರು ಸುತ್ತಿಕೊಂಡಿತ್ತು.

"ಇಷ್ಟೊಂದು ಅಕ್ಷತೆ ಬಿದ್ದಿದೆ," ಎಂದ ವಾಗೀಶ ಮೆಲ್ಲಗೆ. "ಇದಕ್ಕೆ ನಮಗಿಂತ ಮುಂಚೆನೇ ಮದುವೆ ಆಗೋಗಿದೆ."

ಅಪೂರ್ವ ಕಿಸಕ್ಕನೆ ನಕ್ಕಳು. ಅಂಬುಜಾ ತಿರುಗಿದೊಡನೆ ಕೆಮ್ಮಿದಳು.

"ಆ ಮೂಲೇಲಿ ಹಸಿರು ಪಾಚಿ ಥರ ಕಾಣ್ತಿದೆಯಲ್ಲ ಸಾರ್, ಅದು ಬ್ಯಾಟರಿ ಸೋರಿರೋದು. ಬ್ಯಾಟರಿ ಕತ್ತರಿಸಿ ತೆಗೀರಿ. ಆ ಜಾಗಕ್ಕೆ ಏನಾದ್ರೂ ಹುಳಿ ಹಚ್ಚಿ ಒರೆಸಬೇಕು. ಅಂಗಡೀಲಿ ವಿನಿಗರ್ ಇದೆ, ನಾನು ಹೋಗಿ..."

ಅಂಬುಜಾ ಎದ್ದು ಒಳಗೆ ಹೋಗಿ ಅರ್ಧ ನಿಂಬೆಹಣ್ಣು, ಹತ್ತಿ ತಂದು ಗಂಡನ ಮುಂದಿಟ್ಟರು. "ದೀಪದ ಕಂಬ ಕಿಲುಬು ಹಿಡಿದ್ರೆ ನಾನು ಮಾಡೋದೂ ಇದೇ. ಇದಕ್ಕೆ ಇಂಜಿನಿಯರ್ ಬೇಕಾ?"

"ಅಮ್ಮ ಹೇಳಿದ್ದು ಸರಿ," ಎಂದ ವಾಗೀಶ. ಅವರು ಅವನ ಕಡೆ ನೋಡಲಿಲ್ಲ. ಸೆರಗು ಮಾತ್ರ ಸರಿಮಾಡಿಕೊಂಡರು.

ಒರೆಸಿದ ಸರ್ಕ್ಯೂಟ್ ಹಲಗೆಯನ್ನು ಒಣಗಿಸಲು ಅಂಗಳದಲ್ಲಿ ಹಪ್ಪಳದ ಪಕ್ಕ ಇಟ್ಟದ್ದಾಯಿತು. ಅಷ್ಟರಲ್ಲಿ ಊಟದ ಹೊತ್ತು. ಹೊಸಿಲಾಚೆಯವನನ್ನು ಹಾಗೇ ಕಳಿಸಲು ಅಂಬುಜಾಗೆ ಮನಸ್ಸಾಗಲಿಲ್ಲ. ಜಗಲಿಗೇ ಎಲೆ ಹೋಯಿತು. ಹುರುಳಿಕಾಯಿ ಪಲ್ಯ ಎರಡನೆಯ ಸಲವೂ ಹೋಯಿತು. ತೀರ್ಪು ಬೇರೆ, ಪಲ್ಯ ಬೇರೆ.

ಮಧ್ಯಾಹ್ನ ಮತ್ತೆ ಕೋರ್ಟು ಕೂತಿತು. ಸ್ವಿಚ್ಚು ಹಾಕಿದರೆ ಬರೀ ಕುಂಯ್ ಎಂಬ ರಾಗ.

"ರ್‍ಯಾಮ್ ಕೈ ಕೊಟ್ಟಿದೆ ಸಾರ್. ಆ ಸಣ್ಣ ಪಟ್ಟಿಗಳನ್ನ ಕಿತ್ತು ರಬ್ಬರಿನಲ್ಲಿ ಉಜ್ಜಿ."

"ರಾಮ ಕೈ ಕೊಟ್ಟ ಮೇಲೆ ಇನ್ಯಾರನ್ನಪ್ಪ ನಂಬೋದು," ಎಂದು ಬಿಂದುಮಾಧವರು ಮಗಳ ಪೆನ್ಸಿಲ್ ರಬ್ಬರಿನಿಂದ ಉಜ್ಜಿದರು. ಈ ಸಲ ಪರದೆ ಮಿಣುಕಿತು. ತಾರೀಖು ತೋರಿಸಿತು: ಒಂದು ಜನವರಿ, ಸಾವಿರದ ಒಂಬೈನೂರ ಎಂಬತ್ತು.

"ಬ್ಯಾಟರಿ ಹೋದ್ರೆ ಅದಕ್ಕೆ ಎಲ್ಲ ಮರೆತು ಹೋಗತ್ತೆ. ಮೊದಲ್ನೇ ದಿನಕ್ಕೆ ವಾಪಸ್ ಹೋಗ್ಬಿಡತ್ತೆ," ಎಂದ ವಾಗೀಶ.

"ಎಂಬತ್ತರ ಜನವರಿ," ಎಂದರು ಅಂಬುಜಾ, ಯಾರಿಗೂ ಅಲ್ಲ. "ಇವಳಿಗೆ ಅನ್ನಪ್ರಾಶನ ಮಾಡಿದ ತಿಂಗಳು. ಪಾಯಸ ಎಲ್ಲ ಉಗಿದಿದ್ದಳು."

ಆಮೇಲೆ ಯಂತ್ರ ಹಾರ್ಡ್ ಡಿಸ್ಕಿನ ವಿವರ ಕೇಳಿತು.

"ಸಿಲಿಂಡರ್ ಎಷ್ಟು ಅಂತ ಕೇಳ್ತಿದೆ, ಹಾಕಿ ಸಾರ್."

"ಮೊನ್ನೆ ತಾನೇ ಬಂತು, ಇನ್ನೊಂದು ತಿಂಗಳು ಯೋಚನೆಯಿಲ್ಲ," ಎಂದರು ಅಂಬುಜಾ. ಡಿಸ್ಕಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಬೇರೆಯೇ ಸಿಲಿಂಡರುಗಳ ಸಂಖ್ಯೆಯಿತ್ತು. ಬಿಂದುಮಾಧವರು ಅದನ್ನು ನೋಡಿ ಬರೆದರು. ಡಿಸ್ಕು ಕಟಕ್ ಎಂದಿತು, ತಿರುಗಲಿಲ್ಲ. ಮತ್ತೆ ಕಟಕ್.

"ಒಳಗಡೆ ಅಂಟಿಕೊಂಡಿದೆ. ಏಳು ವರ್ಷ ತಿರುಗಿಲ್ಲವಲ್ಲ," ಎಂದ ವಾಗೀಶ. ಈಗ ಅವನ ದನಿಯಲ್ಲಿ ತಮಾಷೆಯಿರಲಿಲ್ಲ. "ಕರೆಂಟ್ ಆಫ್ ಮಾಡಿ, ಡಿಸ್ಕನ್ನ ಈಚೆ ತೆಗೆದು ಅಂಗೈಲಿ ಹಿಡೀರಿ. ಮಣಿಕಟ್ಟಿನಿಂದ ಒಂದೇ ಒಂದು ಚುರುಕು ತಿರುವು. ಜೋರಾದ್ರೆ ಹೋಯ್ತು, ಮೆತ್ತಗಾದ್ರೆ ಬಿಡಿಸಿಕೊಳ್ಳಲ್ಲ. ಉಪ್ಪಿನಕಾಯಿ ಜಾಡಿ ಮುಚ್ಚಳ ಬಿಗಿಯಾಗಿರತ್ತಲ್ಲ, ಆ ಥರ."

ಬಿಂದುಮಾಧವರು ಹಿಡಿದರು. ಡಿಸ್ಕು ತಿರುಗದಿದ್ದರೆ ತಮ್ಮ ಸುಳ್ಳು ಅದರೊಳಗೇ ಶಾಶ್ವತವಾಗಿ ಸುರಕ್ಷಿತ, ತಿರುಗಿದರೆ ಮಗಳಿಗೆ ಹದಿಮೂರು. ಕೈ ಯಾವ ಕಡೆಗೆ ತಿರುವಬೇಕೆಂದು ಕೈಗೇ ಗೊತ್ತಾಗಲಿಲ್ಲ. ಎರಡು ಸಲ ಅಲ್ಲಾಡಿಸಿದರು. ಎರಡು ಸಲವೂ ಕಟಕ್.

"ಕೊಡಿ ಇಲ್ಲಿ," ಎಂದರು ಅಂಬುಜಾ. "ನಿಮಗೆ ಜಾಡಿ ತೆಗೆಯೋಕೆ ಯಾವತ್ತು ಬಂದಿತ್ತು?"

ಅವರು ಡಿಸ್ಕನ್ನು ಬಲ ಅಂಗೈಯಲ್ಲಿಟ್ಟು, ತೂಕ ನೋಡಿ, ಕಣ್ಣು ಮುಚ್ಚಿ, ಸಣ್ಣಗೆ ಒಮ್ಮೆ ತಿರುವಿದರು. ಮತ್ತೆ ಜೋಡಿಸಿ ಸ್ವಿಚ್ಚು ಹಾಕಿದಾಗ ಸುಂಯ್ಯನೆ ಸದ್ದೆದ್ದು ಏರುತ್ತ ಹೋಯಿತು. ವಾಗೀಶ ಕೈ ಬಿಡಿಸಿಕೊಂಡು ಚಪ್ಪಾಳೆ ತಟ್ಟಿಯೇಬಿಟ್ಟ. ಅಂಬುಜಾ ಕಣ್ಣೆತ್ತಿದೊಡನೆ ಕೈಗಳು ಮತ್ತೆ ಬೆನ್ನ ಹಿಂದೆ ಹೋದವು.

ಪರದೆಯ ಮೇಲೆ ಹಳೆಯ ಗಣೇಶ ಚುಕ್ಕೆ ಚುಕ್ಕೆಯಾಗಿ ಮೂಡಿದ. ಬಿಂದುಮಾಧವರು ಇಬ್ಬರ ಜನ್ಮದಿನ, ಹೊತ್ತು, ಊರು ತುಂಬಿದರು. "ನನ್ನ ಕನ್ನಡಕ ತರ್ತೀನಿ, ಇರಿ," ಎಂದು ಅಂಬುಜಾ ಒಳಗೆ ಹೋದರು.

ಪರದೆ ಹದಿಮೂರು ಎಂದಿತು.

ಬಿಂದುಮಾಧವರ ಬೆರಳುಗಳಿಗೆ ಹಳೆಯ ದಾರಿ ಮರೆತಿರಲಿಲ್ಲ. ಹಾಳೆ ತೆರೆಯಲು ಒಂದು ಕೀಲಿ, ಅಳಿಸಲು ಒಂದು. ಒಂದು, ಮೂರು, ತಿರುವಿಟ್ಟರೆ ಮೂರು, ಒಂದು. ಈ ಮನೆಯ ಲಕ್ಕಿ ನಂಬರ್ರು. ಒಳಕೋಣೆಯಲ್ಲಿ ಬೀರುವಿನ ಬಾಗಿಲು ಕಿರ್ ಎಂದಿತು. ವಾಗೀಶ ಅವರ ಬೆರಳು ಹೋದ ಜಾಗ ನೋಡಿದ. ಕಂಪ್ಯೂಟರಿನವನಲ್ಲವೇ, ಅರ್ಥವಾಯಿತು. ಅವನು ಅಂಗಳದ ಹಪ್ಪಳದ ಕಡೆ ಮುಖ ತಿರುಗಿಸಿದ. ಅಪೂರ್ವ ಮಾತ್ರ, "ಅಪ್ಪಾ," ಎಂದಳು. ಬೇಡ ಎಂದಳೋ ಮಾಡು ಎಂದಳೋ ಆ ಒಂದು ಮಾತಿನಿಂದ ತಿಳಿಯುವಂತಿರಲಿಲ್ಲ. ಬಹುಶಃ ಅವಳಿಗೂ ತಿಳಿದಿರಲಿಲ್ಲ.

ದೇವರ ಕೋಣೆಯ ಗೋಡೆಯಲ್ಲಿ ಇನ್ನೊಂದು ಹಾಳೆಗೆ ಜಾಗವಿತ್ತು. ಇದನ್ನು ತಿದ್ದಿದರೆ ಅದನ್ನೂ ನೋಡದೆ ಪೂಜೆ ಮಾಡಬೇಕು. ಬಿಂದುಮಾಧವರು ಬೆರಳು ತೆಗೆದು, ಇದ್ದದ್ದನ್ನು ಇದ್ದ ಹಾಗೆ ಅಚ್ಚಿಗೆ ಕಳಿಸಿದರು. ಒಣಗಿದ ರಿಬ್ಬನ್ನಿಗೆ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿದ್ದಿತ್ತು. ಪ್ರಿಂಟರು ಗರಗರ ಗೊಣಗುತ್ತ ಮಸುಕಾಗಿ ಬರೆದುಕೊಟ್ಟಿತು.

ಅಂಬುಜಾ ಕನ್ನಡಕ ಹಾಕಿಕೊಂಡು ಓದಿದರು. ಗೆದ್ದ ಮುಖವಲ್ಲ ಅದು.

"ಹದಿಮೂರು," ಎಂದರು. ಮಗಳ ಕಡೆ ತಿರುಗಿದರು. "ನಾನೇನು ನಿನ್ನ ಶತ್ರುವಾ ಹೇಳು? ಹದಿನೆಂಟು ವರ್ಷ ಆ ಮಾತು ಕೇಳಿದೀನಿ ಕಣೇ. ಸಾರಿಗೆ ಉಪ್ಪು ಜಾಸ್ತಿಯಾದ್ರೂ ಜಾತಕ. ಇವತ್ತಲ್ಲ ನಾಳೆ ಆ ಮನೇಲಿ ಯಾರೋ ಒಬ್ಬರು ಅಂದೇ ಅಂತಾರೆ. ನನಗೆ ಒಂದು ಮೂವತ್ತೊಂದಾದ್ರೂ ಸಿಕ್ತು ಬಾಯಿ ಮುಚ್ಚಿಸೋಕೆ. ನಿನಗೇನಿದೆ?"

ಹಾಳೆಯನ್ನು ನಾಲ್ಕಾಗಿ ಮಡಿಸಿ ಅವರು ಏಳಹೊರಟರು.

"ಕೂತ್ಕೋ," ಎಂದರು ಬಿಂದುಮಾಧವರು. "ಇನ್ನೊಂದು ಹಾಳೆ ಬರಬೇಕು."

ಹಳೆಯ ಹೆಸರುಗಳ ಪಟ್ಟಿ ಡಿಸ್ಕಿನಲ್ಲಿ ಹಾಗೇ ಇತ್ತು. ಅದರಲ್ಲಿ ತೊಂಬತ್ತಮೂರರ ಒಂದು ಹೆಸರನ್ನು ಆರಿಸಿ, ಹೊಸದಾಗಿ ಲೆಕ್ಕ ಹಾಕಲು ಹೇಳಿ, ಕೈ ಎರಡನ್ನೂ ತೊಡೆಯ ಮೇಲಿಟ್ಟುಕೊಂಡರು. ಪ್ರಿಂಟರು ಮತ್ತೆ ಗೊಣಗಿತು.

ಅಂಬುಜಾ ತಮ್ಮ ಹೆಸರು ಓದಿದರು, ಗಂಡನ ಹೆಸರು ಓದಿದರು. ಕೆಳಗಿನ ಅಂಕಿ ಓದಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

"ಇದು ಕೆಟ್ಟಿದೆ ಕಣ್ರೀ. ಹನ್ನೊಂದು ಅಂತಿದೆ. ತುಕ್ಕು ಹಿಡಿದು ಕೆಟ್ಟಿದೆ."

ಅವರೇ ತೆರೆದಿಟ್ಟ ಬಾಗಿಲು ಅದು. ಹೂಂ ಎಂದರೆ ಮುಗಿಯಿತು. ಇದು ಕೆಟ್ಟಿದ್ದರೆ ಹದಿಮೂರೂ ಕೆಟ್ಟದ್ದೇ, ಮೂವತ್ತೊಂದು ಮಾತ್ರ ಗಟ್ಟಿ.

"ಮಿಷನ್ ಸರಿಯಾಗಿದೆ," ಎಂದರು ಬಿಂದುಮಾಧವರು. "ಅವತ್ತೂ ಸರಿಯಾಗೇ ಇತ್ತು. ಹನ್ನೊಂದು ಅಂತ್ಲೇ ಹೇಳಿತ್ತು. ತಿದ್ದಿದ್ದು ನಾನು."

ಅಂಗಳದಲ್ಲಿ ಕಾಗೆಯೊಂದು ಹಪ್ಪಳಕ್ಕೆ ಬಂದಿತ್ತು. ಯಾರೂ ಓಡಿಸಲಿಲ್ಲ.

"ಯಾಕೆ?"

"ಅಮ್ಮ ಬಾಗಿಲಲ್ಲಿ ನಿಂತಿದ್ದಳು. ನೀನು ಆ ಚೀಟಿ ಎರಡು ಕೈಲಿ ಹಿಡ್ಕೊಂಡಿದ್ದೆ. ಇನ್ನೇನು ಮಾಡ್ಲಿ?"

ಅಂಬುಜಾ ಆ ಎರಡು ಒಂದುಗಳ ಮೇಲೆ ಬೆರಳಾಡಿಸಿದರು.

"ಹಾಗಾದ್ರೆ ನಿಮ್ಮಮ್ಮ ಹೇಳ್ತಿದ್ದಿದ್ದು ಸರಿ."

"ಲೆಕ್ಕ ಸರಿಯಿತ್ತು ಕಣೇ. ಹೇಳ್ತಿದ್ದಿದ್ದು ತಪ್ಪು."

"ನೀವು ಮಾಡಿದ್ದೂ ತಪ್ಪೇ. ಹದಿನಾಲ್ಕು ವರ್ಷ ಅದಕ್ಕೆ ಹೂವಿಟ್ಟಿದೀನಿ." ಅವರ ದನಿ ಏರಿತು, ಇಳಿಯಿತು. "ನಿಮ್ಮನ್ನ ಆಮೇಲೆ ವಿಚಾರಿಸ್ಕೋತೀನಿ. ಇವರೆಲ್ಲರ ಮುಂದೆ ಬೇಡ."

ಅವರು ನಾಲ್ಕಾಗಿ ಮಡಿಸಿದ್ದ ಮೊದಲ ಹಾಳೆಯನ್ನು ಬಿಡಿಸಿ ಎರಡನೆಯದರ ಪಕ್ಕ ನೆಲದ ಮೇಲೆ ಹರಡಿದರು. ಅಂಗೈಯಿಂದ ಎರಡರ ಸುಕ್ಕನ್ನೂ ತೀಡಿದರು.

"ಹನ್ನೊಂದರಲ್ಲಿ ಮೂವತ್ತೆರಡು ವರ್ಷ ಆಯ್ತು," ಎಂದರು, ಹಾಳೆಗಳಿಗೇ ಹೇಳುವಂತೆ. "ಜಗಳ ಆಡಿದ್ವಿ. ಕಾರ್ಖಾನೆ ಹೋಯ್ತು, ಅಂಗಡಿ ಹೋಯ್ತು. ಇವರಿಗೆ ಇವತ್ತಿಗೂ ಒಂದು ಜಾಡಿ ಮುಚ್ಚಳ ತೆಗೆಯೋಕೆ ಬರೊಲ್ಲ." ಮೂಗು ಒರೆಸಿಕೊಂಡರು. "ನಿಮ್ಮಿಬ್ಬರಿಗೆ ಹದಿಮೂರಿದೆ. ನಮಗಿಂತ ಎರಡು ಜಾಸ್ತಿನೇ ಆಯ್ತಲ್ಲೇ."

ಅಪೂರ್ವ ಅಮ್ಮನ ಭುಜಕ್ಕೆ ಮುಖವಿಟ್ಟಳು. ಬಿಂದುಮಾಧವರು ಎದ್ದು ದೇವರ ಕೋಣೆಗೆ ಹೋಗಿ ಕಟ್ಟು ಹಾಕಿದ ಹಾಳೆಯನ್ನು ಮೊಳೆಯಿಂದ ತೆಗೆಯಲು ಕೈಯೆತ್ತಿದರು.

"ಅದು ಅಲ್ಲೇ ಇರಲಿ!" ಎಂದು ಅಂಬುಜಾ ಗದರಿದರು. "ಮುಟ್ಟಿದ್ರೆ ನೋಡಿ. ಅದು ನಂದು."

ಆಮೇಲೆ ಹೊಸಿಲಿನ ಕಡೆ ತಿರುಗಿದರು. ವಾಗೀಶ ಬೆಳಗಿನಿಂದ ನಿಂತ ಜಾಗದಲ್ಲೇ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ಕೈ ಹಿಂದೆ ಕಟ್ಟಿಕೊಂಡೇ ನಿಂತಿದ್ದ.

"ಬೆಳಗ್ಗಿಂದ ನಿಂತಿದೀಯಲ್ಲಪ್ಪ, ಕಾಲು ನೋಯಲ್ವೇ? ಒಳಗೆ ಬಾ. ಕಾಫಿಗಿಡ್ತೀನಿ." ಎರಡು ಹೆಜ್ಜೆ ನಡೆದವರು ನಿಂತು ಹೇಳಿದರು: "ಅಷ್ಟರಲ್ಲಿ ಅದನ್ನ ಆಫ್ ಮಾಡು. ಪಾಪ, ವಯಸ್ಸಾಗಿದೆ, ಸುಸ್ತಾಗಿರತ್ತೆ."

ವಾಗೀಶ ಬಲಗಾಲಿಟ್ಟು ಹೊಸಿಲು ದಾಟಿದ. ಕೈಯನ್ನು ಅಂಗಿಗೆ ಒರೆಸಿಕೊಂಡು, ಬಿಂದುಮಾಧವರ ಮುಖ ನೋಡಿ, ಅವರು ತಲೆಯಾಡಿಸಿದ ಮೇಲೆ, ಯಂತ್ರದ ಬದಿಯ ದೊಡ್ಡ ಕೆಂಪು ಸ್ವಿಚ್ಚನ್ನು ಮೆತ್ತಗೆ ಕೆಳಗೆ ಒತ್ತಿದ.